ಕತ್ತರಿಗೆ ಸುತ್ತಿದ ಬಟ್ಟೆ

ನಮ್ಮಕ್ಕನಿಗೆ ಕೋಪ ಬಂದರೆ ಮುಖ ಗಂಟು ಹಾಕಿಕೊಂಡು ಸುಮ್ಮನಾಗುತ್ತಾಳೆ. ನನಗೆ ಬಂದರೆ ಬಾಯಿಗೆ ಬಂದದ್ದೆಲ್ಲ ಅಂದು ಮುಗಿಸುತ್ತೇನೆ. ಹಾಗಾಗಿ ಇದನ್ನ ಹೇಳೋಳು ನಾನೇ ಆಗಬೇಕು. ಅವಳನ್ನ ಕೇಳಿದರೆ "ಏನಿಲ್ಲ, ಕೈಗೆ ಸ್ವಲ್ಪ ಏಟಾಗಿತ್ತು" ಅಂತಾಳೆ, ಅಷ್ಟೇ.

ನಾವಿಬ್ಬರೂ ಕೆಲಸ ಮಾಡೋದು ಒಂದು ಹೊಲಿಗೆ ಅಂಗಡಿಯಲ್ಲಿ. ಕೆಳಗೆ ಪೇಂಟ್ ಡಬ್ಬಿ ಮಾರೋ ಅಂಗಡಿ, ಮೇಲೆ ನಮ್ಮದು. ನಮ್ಮದು ಅಂದರೆ ಅಂಗಡಿಯಮ್ಮನದು, ನಾವು ಕೆಲಸದವರು. ಉದ್ದನೆಯ ಒಂದೇ ಕೋಣೆ. ಕಿಟಕಿ ಪಕ್ಕ ಬೆಳಕು ಬೀಳೋ ಕಡೆ ಕಟಿಂಗ್ ಟೇಬಲ್, ಗೋಡೆ ಉದ್ದಕ್ಕೂ ಹೊಲಿಗೆ ಮಿಷನ್ನುಗಳು, ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಕುರ್ಚಿ. ನರ್ಸುಗಳು, ಕಂಡಕ್ಟರುಗಳು, ಕಾವಲುಗಾರರು, ಹೀಗೆ ಯೂನಿಫಾರ್ಮ್ ಹಾಕೋ ಮಂದಿಗೆಲ್ಲ ಬಟ್ಟೆ ಹೊಲಿಯೋದು ನಮ್ಮ ಕಸುಬು. ಅಕ್ಕ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಕಟ್ಟಿಕೊಂಡವನು ನನ್ನ ಕೈಬಿಟ್ಟು ಹೋದ ಮೇಲೆ ಕರಕೊಂಡು ಬಂದು ಮಿಷನ್ ಮುಂದೆ ಕೂರಿಸಿದ್ದೇ ಅಕ್ಕ. ಅವಳು ಮದುವೆಯ ಗೊಡವೆಗೇ ಹೋಗಲಿಲ್ಲ. ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ ಮನೆ, ಅದರಲ್ಲಿ ನಾವಿಬ್ಬರು. ಊರೆಲ್ಲ ಅವಳನ್ನ ಕತ್ತರಿಯಕ್ಕ ಅಂತಲೇ ಕರೆಯೋದು. ನನ್ನನ್ನ ಕತ್ತರಿಯಕ್ಕನ ತಂಗಿ ಅಂತಾರೆ. ನನಗೆ ಅದರಿಂದ ಬೇಜಾರೇನೂ ಇರಲಿಲ್ಲ.

ನಮ್ಮ ಅಂಗಡಿಯಲ್ಲಿ ಒಂದು ರೂಢಿ ಇದೆ. ದೊಡ್ಡ ಕತ್ತರಿಯ ಹಿಡಿಯಲ್ಲಿ ಹೆಬ್ಬೆರಳು ತೂರಿಸೋಕೆ ಒಂದು ಬಳೆ ಇರುತ್ತಲ್ಲ, ಅದಕ್ಕೆ ಕತ್ತರಿಸೋರು ತಮ್ಮ ಬೆರಳಿನ ಅಳತೆಗೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಇಲ್ಲದಿದ್ದರೆ ಇಡೀ ದಿನ ಕತ್ತರಿಸಿ ಕತ್ತರಿಸಿ ಬೆರಳು ಕಿತ್ತು ಬರುತ್ತೆ. ಆ ಬಟ್ಟೆ ಇರೋವರೆಗೂ ಕತ್ತರಿ ಅವರದು, ಟೇಬಲ್ಲೂ ಅವರದು. ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಟೇಬಲ್ ಬಿಟ್ಟುಕೊಡೋ ದಿನ ಆ ಬಟ್ಟೆಯನ್ನ ಅವರೇ ತಮ್ಮ ಕೈಯಾರೆ ಬಿಚ್ಚಬೇಕು.

ಅಕ್ಕನಿಗಿಂತ ಮೊದಲು ಟೇಬಲ್ಲಲ್ಲಿ ಇದ್ದವರು ಒಬ್ಬ ಮುದುಕ ಮೇಸ್ಟ್ರು. ಅಕ್ಕನಿಗೆ ಸೀಮೆಸುಣ್ಣ ಹಿಡಿಯೋದರಿಂದ ಹಿಡಿದು ಎಲ್ಲ ಕಲಿಸಿದವರು. ಅವರ ಕೈ ನಡುಗೋಕೆ ಶುರುವಾದಾಗ ಜ್ವರ ಅಂತ ಸುಳ್ಳು ಹೇಳಿ ಮನೆಯಲ್ಲಿ ಉಳಿದರು. "ನಾನು ಬರೋವರೆಗೂ ನೀನು ನೋಡ್ಕೋ" ಅಂದರು. ಅಕ್ಕ ನೋಡಿಕೊಂಡಳು. ಎಷ್ಟು ಚೆನ್ನಾಗಿ ನೋಡಿಕೊಂಡಳು ಅಂದರೆ, ಅವರು ವಾಪಸ್ ಬಂದ ದಿನ ಅಂಗಡಿಯಮ್ಮ ಒಳ್ಳೆ ಮಾತಿನಲ್ಲೇ ಮೂಲೆ ಕುರ್ಚಿ ತೋರಿಸಿದರು. ಮೇಸ್ಟ್ರು ತಮ್ಮ ಬಟ್ಟೆ ಬಿಚ್ಚಿ ಕತ್ತರಿಯನ್ನ ಅಕ್ಕನ ಮುಂದಿಟ್ಟರು. ಆಮೇಲೆ ಸಾಯೋವರೆಗೂ ಆ ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು.

ಅಕ್ಕ ಬಿದ್ದಿದ್ದು ಒಂದು ಬೆಳಗ್ಗೆ, ಅವಳೇ ಕತ್ತರಿಸಿ ಕೆಳಗೆ ಬಿಸಾಕಿದ್ದ, ಒಳಪದರಕ್ಕೆ ಹಾಕೋ ಅಸ್ತರ್ ಬಟ್ಟೆಯ ಚೂರಿನ ಮೇಲೆ ಕಾಲಿಟ್ಟು. ಆ ಬಟ್ಟೆ ನುಣುಪು, ಕಾಲು ಸರ್ರಂತ ಹೋಯಿತು. ಬಲಗೈ ಊರಿಕೊಂಡಳು. ನಾನು ಓಡಿಹೋಗಿ ಎತ್ತಿದರೆ "ಥೂ ಬಿಡೇ, ನಾನೇನು ಮುದುಕಿನಾ" ಅಂತ ನನ್ನನ್ನೇ ಗದರಿದಳು. ಕೈ ಅಷ್ಟೇನೂ ಊದಿರಲಿಲ್ಲ. ಆದರೂ ಎಳಕೊಂಡು ಆಸ್ಪತ್ರೆಗೆ ಹೋದೆ. ಎಕ್ಸ್‌ರೇ ತೆಗೆದರು, ಏನೂ ಕಾಣಲಿಲ್ಲ. ಉಳುಕಿರಬೇಕು ಅಂತ ಪಟ್ಟಿ ಕಟ್ಟಿದರು. ಆದರೆ ಡಾಕ್ಟರು ಸ್ಪಷ್ಟವಾಗಿ ಹೇಳಿದರು, "ಇಲ್ಲೊಂದು ಚಿಕ್ಕ ಮೂಳೆ ಇದೆ, ಅದು ಬಿರುಕು ಬಿಟ್ಟಿದ್ರೆ ಮೊದಲನೇ ಫೋಟೋದಲ್ಲಿ ಕಾಣದೇ ಇರಬಹುದು. ನೋವು ಹೋಗಲಿಲ್ಲ ಅಂದ್ರೆ ಖಂಡಿತ ಮತ್ತೆ ಬನ್ನಿ."

ನೋವು ಹೋಗಲಿಲ್ಲ. ಅಕ್ಕನೂ ಹೋಗಲಿಲ್ಲ. ಪಟ್ಟಿ ಕಟ್ಟಿಕೊಂಡೇ ಹಲ್ಲು ಕಚ್ಚಿಕೊಂಡು ಕತ್ತರಿಸಿದಳು. ಕೇಳಿದರೆ "ಉಳುಕು ಕಣೇ, ಟೈಮ್ ತಗೊಳ್ಳುತ್ತೆ" ಅನ್ನೋಳು. ಒಂದು ದಿನ ಮನೆ ಬೀಗ ತಿರುಗಿಸೋಕೆ ಹೋಗಿ ಕೀಲಿ ಕೈಯಿಂದ ಬಿತ್ತು. ಬಾಗಿಲ ಮುಂದೆ ಕೂತುಬಿಟ್ಟಳು. ಅವಳು ಹಾಗೆ ಕೂತದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ.

ಈ ಸಲ ಮೂಳೆ ಡಾಕ್ಟರ ಹತ್ತಿರ ಹೋದೆವು. ಆತ ಹೆಬ್ಬೆರಳ ಬುಡದಲ್ಲಿರೋ ಗುಳಿಯನ್ನ ಮೆಲ್ಲಗೆ ಒತ್ತಿದ, ಅಷ್ಟಕ್ಕೇ ಅಕ್ಕ "ಅಮ್ಮಾ!" ಅಂತ ಕೂಗಿಕೊಂಡಳು. ಹೊಸ ಫೋಟೋ ತೆಗೆಸಿ ದೀಪದ ಮುಂದೆ ಹಿಡಿದು ತೋರಿಸಿದ. ಗೋಡಂಬಿಯಷ್ಟು ದೊಡ್ಡ ಮೂಳೆ, ಅದರ ಸೊಂಟಕ್ಕೆ ಅಡ್ಡಲಾಗಿ ಕೂದಲಿನ ಹಾಗೆ ಒಂದು ಗೆರೆ.

"ಇಷ್ಟೇನಾ?" ಅಂದಳು ಅಕ್ಕ.

"ಇಷ್ಟೇ. ಆದರೆ ಇದು ಭಾರಿ ಹಟಮಾರಿ ಮೂಳೆ ಅಮ್ಮ" ಅಂದ ಡಾಕ್ಟರ್. "ಇದಕ್ಕೆ ರಕ್ತ ಬರೋದು ಒಂದೇ ತುದಿಯಿಂದ. ನಡುವೆ ಮುರಿದರೆ ಆಚೆ ತುಂಡಿಗೆ ರಕ್ತ ಸಿಗೋದೇ ಕಷ್ಟ. ಈಗಾಗಲೇ ತಡವಾಗಿದೆ. ಹೆಬ್ಬೆರಳು ಅಲ್ಲಾಡಿದರೆ ಒಳಗೆ ತುಂಡೂ ಅಲ್ಲಾಡುತ್ತೆ, ಕೂಡ್ಕೊಳ್ತಾ ಇದ್ದದ್ದು ಮತ್ತೆ ಬಿಟ್ಕೊಳ್ಳುತ್ತೆ. ಅದಕ್ಕೇ ಹೆಬ್ಬೆರಳನ್ನೂ ಸೇರಿಸಿ ಪ್ಲಾಸ್ಟರ್ ಹಾಕ್ತೀನಿ. ನೀವೇನು ಕೆಲಸ ಮಾಡ್ತೀರಿ?"

"ಕಟಿಂಗು."

"ಸದ್ಯಕ್ಕೆ ಅದನ್ನ ಮರೆತುಬಿಡಿ. ಈ ಮೂಳೆ ಸತ್ತರೆ ಕೈಯಲ್ಲಿ ಬಲ ಉಳಿಯಲ್ಲ, ಮುಂದೆ ಕತ್ತರಿ ಹಿಡಿಯೋಕೇ ಆಗಲ್ಲ."

ಇದಕ್ಕಿಂತ ಬಿಡಿಸಿ ಹೇಳೋಕೆ ಯಾರಿಂದಲೂ ಆಗುತ್ತಿರಲಿಲ್ಲ. ನಾನು ಕೇಳಿಸಿಕೊಂಡೆ, ಅವಳೂ ಕೇಳಿಸಿಕೊಂಡಳು. ಪ್ಲಾಸ್ಟರ್ ಹಾಕೋ ಮನುಷ್ಯ ಒದ್ದೆ ಪಟ್ಟಿಗಳನ್ನ ಮೊಣಕೈ ಕೆಳಗಿನಿಂದ ಹೆಬ್ಬೆರಳ ಕೊನೇ ಗೆಣ್ಣಿನವರೆಗೂ ಸುತ್ತಿದ. ಉಗುರಿರೋ ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ಅಕ್ಕ ಅವನ ಕೆಲಸವನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. "ಫಿಟ್ಟಿಂಗ್ ಚೆನ್ನಾಗಿಲ್ಲ" ಅಂದಳು. ಅವನು ನಕ್ಕ. ನಾನೂ ನಕ್ಕೆ.

ಮನೆಗೆ ಬಂದು ಕೂತ ಮೇಲೆ ನಾನೇ ಮಾತು ತೆಗೆದೆ.

"ಹೆದರ್ಕೋಬೇಡ ಅಕ್ಕ. ನೀನು ಗೆರೆ ಎಳಿ, ನಾನು ಕತ್ತರಿಸ್ತೀನಿ. ಪಕ್ಕದಲ್ಲಿ ನಿಂತು ಹೇಳ್ಕೊಡು. ಇಷ್ಟು ವರ್ಷ ನೋಡಿದ್ದೀನಿ, ಅಷ್ಟೂ ಬರಲ್ವಾ ನನಗೆ?"

"ಬೇಡ."

"ಯಾಕೆ ಬೇಡ?"

"ಕೊಟ್ಟ ಕತ್ತರಿ ವಾಪಸ್ ಬರಲ್ಲ ಕಣೇ."

ನನ್ನ ಮೈಯೆಲ್ಲ ಉರಿದುಹೋಯಿತು. "ಯಾರಿಗೆ ಹೇಳ್ತಿದ್ದೀಯಾ ಈ ಮಾತು? ನಾನು ನಿನ್ನ ಒಡಹುಟ್ಟಿದವಳು ಕಣೇ!"

"ಮೇಸ್ಟ್ರು ನನ್ನನ್ನ ಮಗಳೇ ಅಂತಿದ್ರು" ಅಂದಳು ಅಕ್ಕ.

ನನ್ನ ಬಾಯಿ ಮುಚ್ಚಿಸಿದವರು ಇನ್ನೂ ಹುಟ್ಟಿಲ್ಲ ಅಂದುಕೊಂಡಿದ್ದೆ. ಇಷ್ಟು ವರ್ಷ "ನೀನು ಹೊಲಿ ಸಾಕು, ಕಟಿಂಗ್ ನಿನಗ್ಯಾಕೆ" ಅಂತ ಟೇಬಲ್ ಹತ್ತಿರ ಸೇರಿಸದೇ ಇದ್ದದ್ದು ಮುದ್ದಿಗಲ್ಲ, ಭಯಕ್ಕೆ ಅಂತ ಅವತ್ತೇ ನನಗೆ ತಿಳಿದದ್ದು. ನನ್ನ ಮೇಲೂ ಭಯ! ಅಡುಗೆ ಮಾಡಿ ಅವಳಿಗೆ ಬಡಿಸಿದೆ, ಎಡಗೈಯಲ್ಲಿ ಚಮಚ ಹಿಡಿದು ಉಂಡಳು.

ಅಂಗಡಿಯಮ್ಮ ಒಳ್ಳೆಯವರೇ. "ಆರಾಮವಾಗಿ ಇರು, ಕಟಿಂಗನ್ನ ಪಕ್ಕದ ಬೀದಿ ಅಂಗಡಿಯಲ್ಲಿ ಮಾಡಿಸೋಣ, ಇಲ್ಲಾ ಯಾರನ್ನಾದ್ರೂ ಸ್ವಲ್ಪ ದಿನದ ಮಟ್ಟಿಗೆ ಇಟ್ಕೊಳ್ಳೋಣ" ಅಂದರು. ಸ್ವಲ್ಪ ದಿನದ ಮಟ್ಟಿಗೆ ಅನ್ನೋ ಮಾತು ಅಕ್ಕನಿಗೆ ಚೇಳು ಕುಟುಕಿದ ಹಾಗಾಯಿತು. "ಬೇಡಮ್ಮ, ಹೆಬ್ಬೆರಳ ತುದಿ ಬಿಟ್ಟಿದ್ದಾರಲ್ಲ, ಅಷ್ಟು ಸಾಕು. ಡಾಕ್ಟರೇನೂ ಬೇಡ ಅಂದಿಲ್ಲ" ಅಂತ ನನ್ನೆದುರಿಗೇ ಹಸೀ ಸುಳ್ಳು ಹೇಳಿ ನನ್ನ ಕಡೆ ತಿರುಗಿ ನೋಡಿದಳು. ಆ ನೋಟ ಇದೆಯಲ್ಲ, ಬಾಯಿ ಬಿಟ್ಟೆಯೋ ನಿನ್ನನ್ನ ಸುಮ್ಮನೆ ಬಿಡಲ್ಲ ಅನ್ನೋ ಹಾಗಿತ್ತು. ನಾನು ಬಿಟ್ಟೆ. "ಮರೆತುಬಿಡಿ ಅಂದಿದ್ದಾರೆ ಡಾಕ್ಟ್ರು" ಅಂದೇಬಿಟ್ಟೆ. ಅಂಗಡಿಯಮ್ಮ ಇಬ್ಬರನ್ನೂ ನೋಡಿದರು. "ನಿನ್ನ ಕೈ, ನಿನಗೆ ಗೊತ್ತು" ಅಂತ ಅಕ್ಕನಿಗೆ ಹೇಳಿ ಹೊರಟುಹೋದರು. ಆಮೇಲೆ ಅಕ್ಕ ನನ್ನ ಹತ್ತಿರ ಮಾತು ಬಿಟ್ಟಳು.

ಮತ್ತೆ ಮಾತಾಡಿಸಿದ್ದು ಒಂದು ಕೆಲಸಕ್ಕೆ. "ಈ ಪ್ಲಾಸ್ಟರಿಗೆ ಧೂಳು ಕೂತ್ಕೊಳ್ತಾ ಇದೆ, ಮೇಲೆ ಹಾಕ್ಕೊಳ್ಳೋಕೆ ಒಂದು ತೋಳು ಹೊಲಿದುಕೊಡ್ತೀಯಾ?" ಅಂದಳು. ಮೃದುವಾದ ಬಟ್ಟೆ ತಂದು ಎಡಗೈಯಲ್ಲೇ ವಕ್ರವಕ್ರ ಗುರುತು ಹಾಕಿದಳು. ಕೈಯುದ್ದಕ್ಕೂ ತೋಳು, ಹೆಬ್ಬೆರಳಿಗೆ ಬೇರೆ ಚೀಲ, ಅಲ್ಲಿ ಸಿಕ್ಕಾಪಟ್ಟೆ ಸಡಿಲ. "ಇಲ್ಲಿ ಇಷ್ಟು ಸಡಿಲ ಯಾಕೆ?" ಅಂದೆ. "ಗಾಳಿ ಆಡಲಿ ಅಂತ" ಅಂದಳು. ಮಾತಾಡಿದಳಲ್ಲ ಅನ್ನೋ ಖುಷಿಗೆ ನಾನು ಎಲಾಸ್ಟಿಕ್ ಹಾಕಿ, ಅಂಚಿಗೆ ಸಣ್ಣ ಹೂವು ಬೇರೆ ಕೂರಿಸಿ ಹೊಲಿದುಕೊಟ್ಟೆ. ಎಂಥ ದಡ್ಡಿ ನಾನು! ಅಂಗಡಿಯಲ್ಲಿ ಎಲ್ಲರೂ ನೋಡಿ ಹೊಗಳಿದರು, ಅಳತೆಗೆ ಬಂದವರೂ ಹೊಗಳಿದರು.

ಅಕ್ಕ ಕತ್ತರಿಸಿದಳು. ಮೊದಲಿನಷ್ಟು ವೇಗವಿರಲಿಲ್ಲ, ಆದರೆ ಗೆರೆ ತಪ್ಪಲಿಲ್ಲ. ಬರೀ ಬೆರಳ ತುದಿಯಿಂದ ಆ ದೊಡ್ಡ ಕತ್ತರಿಯನ್ನ ಹೇಗೆ ಆಡಿಸುತ್ತಾಳಪ್ಪ ಅಂತ ನನಗೆ ಆಶ್ಚರ್ಯ. ಕೇಳಿದರೆ "ಅಭ್ಯಾಸ" ಅನ್ನೋಳು. ಹಣೆ ಮೇಲೆ ಬೆವರು ಮೂಡಿರುತ್ತಿತ್ತು. ನನಗೆ ಜಗಳ ಸಾಕಾಗಿತ್ತು, ಮಿಷನ್ ತುಳಿದುಕೊಂಡು ಸುಮ್ಮನಿದ್ದೆ.

ಪ್ಲಾಸ್ಟರ್ ಬದಲಾಯಿಸೋ ದಿನ ಬಂತು. ಹೋಗೋಣ ಅಂದರೆ ನಾಳೆ ಅಂದಳು, ನಾಳೆ ಅಂದರೆ ನಾಡಿದ್ದು ಅಂದಳು. ಕೊನೆಗೆ ಆಟೋ ಕರೆಸಿ ಒಳಗೆ ತಳ್ಳಿಕೊಂಡು ಹೋದೆ. ಪ್ಲಾಸ್ಟರ್ ಹಾಕೋ ಮನುಷ್ಯ ನಾನು ಹೊಲಿದ ತೋಳನ್ನ ನೋಡಿ "ಅಬ್ಬಾ, ಚೆನ್ನಾಗಿದೆ" ಅಂತ ಎಳೆದು ತೆಗೆದ. ತೆಗೆದವನು ಹಾಗೇ ನಿಂತ. "ಡಾಕ್ಟ್ರೇ, ಸ್ವಲ್ಪ ಬನ್ನಿ" ಅಂತ ಕರೆದ.

ಹೆಬ್ಬೆರಳಿನ ಮೇಲಿದ್ದ ಪ್ಲಾಸ್ಟರ್ ಇರಲೇ ಇಲ್ಲ. ಬುಡದವರೆಗೂ ಕತ್ತರಿಸಿ ತೆಗೆದಿತ್ತು. ಕಂಕುಳ ಹತ್ತಿರ ಬಿಗಿಯಾದ ಅಂಗಿಗೆ ಸುತ್ತು ಕತ್ತರಿಸಿ ಸಡಿಲ ಮಾಡುತ್ತಾರಲ್ಲ, ಹಾಗೆ ಗುಂಡಗೆ ಬಿಡಿಸಿತ್ತು. ಅಂಚು ಚುಚ್ಚದ ಹಾಗೆ ಬಿಳಿ ಪಟ್ಟಿ ಮಡಚಿ, ಅಂಟು ಹಚ್ಚಿ, ಸುತ್ತಲೂ ಕೂರಿಸಿತ್ತು. ಒಂದು ಸುಕ್ಕಿಲ್ಲ. ಆಮೇಲೆ ಗೊತ್ತಾಯಿತು, ನಾನು ಸ್ನಾನಕ್ಕೆ ಹೋದಾಗಲೆಲ್ಲ ಬಿಸಿನೀರಿನ ಚೊಂಬಿನಲ್ಲಿ ಬೆರಳು ನೆನೆಸಿ, ಮೆತ್ತಗಾದದ್ದನ್ನ ಎಡಗೈಯಲ್ಲಿ ಬ್ಲೇಡ್ ಹಿಡಿದು ಇಷ್ಟಿಷ್ಟೇ ಕೆರೆದಿದ್ದಳು. ಫಿಟ್ಟಿಂಗ್ ಸರಿಯಿಲ್ಲದ ಬಟ್ಟೆಯನ್ನ ಸರಿಮಾಡೋ ಹಾಗೆ ಪ್ಲಾಸ್ಟರನ್ನ ಸರಿಮಾಡಿಕೊಂಡಿದ್ದಳು ನಮ್ಮಕ್ಕ!

"ಯಾರು ಮಾಡಿದ್ದು ಇದು?" ಅಂದ ಡಾಕ್ಟರ್.

"ನಾನೇ" ಅಂದಳು. ಆ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು, ಸುಳ್ಳು ಹೇಳಲ್ಲ ನಾನು.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಫೋಟೋ ತೆಗೆಸಿದ. ಕೂದಲಿನ ಹಾಗಿದ್ದ ಗೆರೆ ಈಗ ಬಾಗಿಲ ಸಂದಿಯ ಹಾಗೆ ಅಗಲವಾಗಿತ್ತು. ಒಂದು ತುಂಡು ಉಳಿದ ಮೂಳೆಗಳಿಗಿಂತ ಬೇರೆಯಾಗಿ, ಸೀಮೆಸುಣ್ಣದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಅದಕ್ಕೆ ರಕ್ತ ಹೋಗುತ್ತಿಲ್ಲ ಅಂದ. ಇನ್ನೊಂದೇ ದಾರಿ ಇದೆ, ಆಪರೇಷನ್ ಮಾಡಿ ಸೊಂಟದ ಮೂಳೆಯಿಂದ ಒಂದು ಚೂರು ತೆಗೆದು ಇಲ್ಲಿ ತುಂಬಿ ಸ್ಕ್ರೂ ಹಾಕಬೇಕು, ಅದೂ ಹಿಡಿಯುತ್ತೆ ಅಂತ ಮಾತು ಕೊಡೋಕಾಗಲ್ಲ ಅಂದ.

ಹೊರಗೆ ಬೆಂಚಿನ ಮೇಲೆ ಕೂತಾಗ ನಾನು ಬಾಯಿಗೆ ಬಂದ ಹಾಗೆ ಬೈದೆ. ಪಕ್ಕದಲ್ಲಿ ಕೂತವರು ಎದ್ದುಹೋದರು. "ನಿನಗೆ ಕೈಗಿಂತ ಟೇಬಲ್ ಹೆಚ್ಚಾಯ್ತಾ? ಕೈಯಿಲ್ಲದೆ ಟೇಬಲ್ ತಗೊಂಡು ಏನ್ ಮಾಡ್ತೀಯಾ? ನನಗೆ ಕಲಿಸಿದ್ರೆ ನಿನ್ನ ಕೈ ವಾಸಿಯಾಗೋವರೆಗೂ ಕಾಯ್ಕೊಂಡು ಕೂತಿರ್ತಿದ್ದೆನಲ್ಲೇ, ಪಾಪಿ!" ಅಂತ ಕೂಗಿ ಅತ್ತೆ. ಅಕ್ಕ ತನ್ನ ಬರಿಗೈಯನ್ನ ನೋಡಿಕೊಳ್ಳುತ್ತಿದ್ದಳು. ಪ್ಲಾಸ್ಟರೊಳಗಿದ್ದ ಕೈ ಬಡವಾಗಿ, ಚರ್ಮ ಸಿಪ್ಪೆ ಸುಲಿದು, ಯಾರದೋ ಕೈಯ ಹಾಗಿತ್ತು.

"ತೊಂದ್ರೆ ಆಗಲ್ಲ ಅಂದ್ಕೊಂಡೆ" ಅಂದಳು. "ಅಷ್ಟು ಚಿಕ್ಕದಲ್ವಾ."

ಆಪರೇಷನ್ ಆಯಿತು. ಎಚ್ಚರವಾದಾಗ ಕೈಗಿಂತ ಸೊಂಟ ನೋಯುತ್ತೆ ಅಂದಳು. ಮತ್ತೆ ಹೆಬ್ಬೆರಳು ಸೇರಿಸಿ ಪ್ಲಾಸ್ಟರ್ ಬಿತ್ತು. ಈ ಸಲ ಅಕ್ಕನಂಥ ರೋಗಿ ಊರಲ್ಲೇ ಇರಲಿಲ್ಲ. ದಿಂಬಿನ ಮೇಲೆ ಕೈ ಇಡು ಅಂದರೆ ಇಟ್ಟಳು. ಬೇರೆ ಬೆರಳು ಆಡಿಸು ಅಂದರೆ ಆಡಿಸಿದಳು. ಸ್ನಾನಕ್ಕೆ ಹೋಗೋವಾಗ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಒಂದು ಹನಿ ತಾಗಿದರೂ ಮಗುವಿನ ಹಾಗೆ ಬಂದು ತೋರಿಸುತ್ತಿದ್ದಳು. ಹಾಲು ಮುಟ್ಟದವಳು ಮೂಗು ಮುಚ್ಚಿಕೊಂಡು ಲೋಟಗಟ್ಟಲೆ ಕುಡಿದಳು. ನಾನು ಸ್ನಾನ ಮಾಡುವಾಗ ಹೊರಗಿನಿಂದ "ನಾನು ಏನೂ ಮಾಡ್ತಿಲ್ಲ ಕಣೇ" ಅಂತ ಕೂಗಿ ಹೇಳುತ್ತಿದ್ದಳು. ಅದನ್ನ ಕೇಳಿ ಒಳಗೆ ನಾನು ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದೆ.

ಆ ದಿನಗಳಲ್ಲಿ ಕಟಿಂಗೆಲ್ಲ ಪಕ್ಕದ ಬೀದಿಯಿಂದ ಆಗಿ ಬರುತ್ತಿತ್ತು. ಕತ್ತರಿ ಟೇಬಲ್ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು, ಅಕ್ಕ ಸುತ್ತಿದ ನೀಲಿ ಬಟ್ಟೆ ಹಾಗೇ ಇತ್ತು. ಬಂದವು ನೋಡಿ ಅಂಗಿಗಳು, ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಗಿರಾಕಿಗಳು ಅಂಗಡಿಯಮ್ಮನ ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಹೋದರು. ಆಕೆ ನನ್ನನ್ನ ಪಕ್ಕಕ್ಕೆ ಕರೆದು, "ನಿಮ್ಮಕ್ಕನ ಪ್ಲಾಸ್ಟರ್ ಬಿಚ್ಚೋವರೆಗೂ ಕಾಯ್ತೀನಿ. ಆಗಲೂ ಆಗಲ್ಲ ಅಂದ್ರೆ ಹೊಸಬರನ್ನ ಇಟ್ಕೊಳ್ಳಲೇಬೇಕು, ಬೇಜಾರು ಮಾಡ್ಕೋಬೇಡಿ" ಅಂದರು. ನಾನು ಅದನ್ನ ಅಕ್ಕನಿಗೆ ಹೇಳಿದೆ. ಅವಳು ಇನ್ನೊಂದು ಲೋಟ ಹಾಲು ಕೇಳಿದಳು.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರ್ ಫೋಟೋವನ್ನ ತುಂಬಾ ಹೊತ್ತು ನೋಡಿದ. ನನಗೆ ಆಗಲೇ ಗೊತ್ತಾಯಿತು. ಸ್ಕ್ರೂ ಇತ್ತು, ಅದರ ಸುತ್ತ ಸಂದಿ ಹಾಗೇ ಇತ್ತು. ಆ ಚೂರು ಸತ್ತುಹೋಗಿದೆ, ಇನ್ನು ನೋವು ಕಡಿಮೆ ಮಾಡಬಹುದು ಅಷ್ಟೇ ಅಂದ. ಬಾಚಣಿಗೆ ಹಿಡಿಯಬಹುದು, ಚಮಚ ಹಿಡಿಯಬಹುದು, ಭಾರದ್ದು ಬೇಡ, ಒತ್ತಿ ಮಾಡೋ ಕೆಲಸ ಬೇಡ ಅಂದ.

"ನೀವು ಹೇಳಿದ್ದೆಲ್ಲ ಮಾಡಿದ್ನಲ್ಲ ಡಾಕ್ಟ್ರೇ" ಅಂದಳು ಅಕ್ಕ.

"ಹೌದಮ್ಮ, ಮಾಡಿದ್ರಿ" ಅಂದ ಆತ.

ಮಾರನೇ ಬೆಳಗ್ಗೆ ನನಗಿಂತ ಮೊದಲೇ ಎದ್ದು ತಯಾರಾಗಿ ಕೂತಿದ್ದಳು. ಅಂಗಡಿಗೆ ಹೋದೆವು. ಅಂಗಡಿಯಮ್ಮ ಎದ್ದು ನಿಂತರು, ಅಕ್ಕ ಅವರಿಗೆ ಮಾತಾಡೋಕೇ ಬಿಡಲಿಲ್ಲ. "ಹೊಸಬರು ಬೇಡಮ್ಮ. ಇವಳು ಕತ್ತರಿಸ್ತಾಳೆ. ನಾನು ಹೇಳ್ಕೊಡ್ತೀನಿ" ಅಂದಳು. ಮೊಳೆಯಿಂದ ಎಡಗೈಯಲ್ಲಿ ಕತ್ತರಿ ತೆಗೆದು ಟೇಬಲ್ ಮೇಲಿಟ್ಟಳು. ಒಂದು ಸಲ, ಒಂದೇ ಒಂದು ಸಲ, ಬಲಗೈಯ ಹೆಬ್ಬೆರಳನ್ನ ಅದರೊಳಗೆ ತೂರಿಸಿ ಎತ್ತಿ ನೋಡಿದಳು. ಮುಖ ಕಿವುಚಿಕೊಂಡಿತು, ಕತ್ತರಿ ಧಡಾರಂತ ಟೇಬಲ್ ಮೇಲೆ ಬಿತ್ತು. ಅಂಗಡಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ಆಚೆ ಹೋದರು.

ಅಕ್ಕ ಬಟ್ಟೆ ಬಿಚ್ಚೋಕೆ ಶುರುಮಾಡಿದಳು. ಅವಳೇ ಹಾಕಿದ ಗಂಟು, ಬೆವರು ಕುಡಿದೂ ಕುಡಿದೂ ಕಲ್ಲಾಗಿತ್ತು. ಎಡಗೈ ಉಗುರಿಗೆ ಬಗ್ಗಲಿಲ್ಲ.

"ಬಿಡೇ ಅಕ್ಕ. ಬಿಚ್ಚಬೇಡ. ಇರಲಿ ಅದು ನಿನ್ನದೇ" ಅಂದೆ.

"ನಿನ್ನ ಬೆರಳಿಗೆ ಇದು ದೊಡ್ಡದಾಗುತ್ತೆ."

ಕೊನೆಗೆ ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದಳು. ಗಂಟು ಬಿಟ್ಟಿತು. ಒಳಗಿನ ಸುತ್ತುಗಳು ಇನ್ನೂ ಹೊಸ ನೀಲಿಯಾಗಿದ್ದವು. ಡ್ರಾಯರಿನಿಂದ ಬಿಳಿ ಪಟ್ಟಿಯ ಸುರುಳಿ ತೆಗೆದಳು, ಪ್ಲಾಸ್ಟರ್ ಅಂಚಿಗೆ ಹಚ್ಚಿದ್ದ ಅದೇ ಪಟ್ಟಿ. "ಬೆರಳು ಕೊಡು" ಅಂತ ನನ್ನ ಹೆಬ್ಬೆರಳು ಹಿಡಿದು ಅಳತೆ ನೋಡಿ, ಎಡಗೈಯಲ್ಲಿ ಸುತ್ತಿದಳು. ಸುತ್ತು ಸೊಟ್ಟಗೆ ಬಂತು, ಜಾರಿತು, ಮತ್ತೆ ಸುತ್ತಿದಳು.

"ಸಡಿಲ ಆಯ್ತಾ?"

"ಇಲ್ಲ, ಸರಿಯಾಗಿದೆ" ಅಂದೆ. ತುಂಬಾ ಸಡಿಲವಾಗಿತ್ತು. "ಅಕ್ಕ, ನಿನ್ನ ಕೈ ಸರಿಹೋದ ಮೇಲೆ ವಾಪಸ್ ಕೊಡ್ತೀನಿ. ಆಣೆ ಮಾಡ್ತೀನಿ ಬೇಕಾದ್ರೆ."

"ಯಾವ ಕೈಗೆ ಕೊಡ್ತೀಯಾ?" ಅಂದಳು. ಕೋಪದಿಂದಲ್ಲ. ನಿಜವಾಗಿ ಕೇಳಿದ ಹಾಗೆ ಕೇಳಿದಳು.

ಕಂಡಕ್ಟರ್ ಯೂನಿಫಾರ್ಮಿನ ಬಟ್ಟೆ ಹಾಸಿದಳು, ಗೆರೆ ಎಳೆಸಿದಳು, ಎಲ್ಲಿಂದ ಶುರುಮಾಡಬೇಕು ಅಂತ ಬೆರಳಿಟ್ಟು ತೋರಿಸಿದಳು. "ಕತ್ತರಿಯ ಕೆಳಗಿನ ಅಲಗು ಟೇಬಲ್ ಬಿಟ್ಟು ಏಳಬಾರದು. ಹೆದರಬೇಡ" ಅಂದಳು. ಆಮೇಲೆ ಬಾಗಿಲ ಹಿಂದಿನ ಮೂಲೆಗೆ ಹೋಗಿ ಕುರ್ಚಿಯ ಧೂಳನ್ನ ಎಡಗೈಯಿಂದ ಒರೆಸಿ ಕೂತಳು. ಯಾರೂ ಕೂತುಕೋ ಅಂದಿರಲಿಲ್ಲ.

ನಾನು ಕತ್ತರಿಸಿದೆ. ಕರಕ್ ಅಂತು, ಇನ್ನೊಮ್ಮೆ ಕರಕ್ ಅಂತು. ಕಣ್ಣು ಮಂಜಾಗಿ ಗೆರೆ ಕಾಣದೆ ತಲೆ ಎತ್ತಿದೆ. ಅಕ್ಕ ಗೋಡೆ ಕಡೆ ಮುಖ ಮಾಡಿದ್ದಳು. ತೊಡೆ ಮೇಲಿದ್ದ ಅವಳ ಬಲಗೈಯ ಬೆರಳುಗಳು ನನ್ನ ಕತ್ತರಿಯ ಸದ್ದಿಗೆ ಸರಿಯಾಗಿ ಇಷ್ಟಿಷ್ಟೇ ತೆರೆದು ಮುಚ್ಚುತ್ತಿದ್ದವು. ನಾನು ನಿಲ್ಲಿಸಿದೆ, ಅವೂ ನಿಂತವು. ಅವಳು ಕೈಯನ್ನ ನೋಡಿಕೊಂಡು, ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಯಾಕೆ ನಿಲ್ಲಿಸಿದೆ?" ಅಂದಳು ಗೋಡೆ ಕಡೆಯಿಂದಲೇ.

"ಏನಿಲ್ಲ" ಅಂದು ಮತ್ತೆ ಶುರುಮಾಡಿದೆ. ಸೆರಗು ಅಲ್ಲಾಡುತ್ತಿತ್ತು. ಬಟ್ಟೆ ಮುಗಿಯೋವರೆಗೂ ನಾನು ನಿಲ್ಲಿಸಲಿಲ್ಲ.